ಐದನೆಯ ಮಾತಿನ ಕಾಕಾ

ಈ ವರ್ಷದ ಶುಭ ಶುಕ್ರವಾರದ ಪಟ್ಟಿ ಮೂರು ದಿನದಿಂದ ನನ್ನ ಮೇಜಿನ ಮೇಲೆ ಬಿದ್ದಿದೆ. ಏಳು ಸಾಲು ಹಾಕಿದ್ದೇನೆ. ಆರರಲ್ಲಿ ಹೆಸರು ಬರೆದಾಗಿತ್ತು, ಐದನೆಯದು ನಿನ್ನೆಯ ತನಕ ಖಾಲಿ. ಆ ದಿನ ನಮ್ಮ ಸಭೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ ನಡೆಯುತ್ತದೆ. ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಸಭೆಯ ಏಳು ಜನ ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ. ಐದನೆಯದು ನೀರಡಿಕೆಯ ಮಾತು. ಅದರ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಹೆಸರು ಇತ್ತು. ಹೋದ ವರ್ಷ ಆ ಹೆಸರನ್ನು ನಾನೇ, ಈ ಕೈಯಿಂದಲೇ, ಹೊಡೆದುಹಾಕಿದೆ. ಈಗ ಬರೆಯೋಣವೆಂದರೆ ಆ ಹೆಸರಿನ ಮನುಷ್ಯ ಇಲ್ಲ. ತೀರಿಕೊಂಡು ಮೂರು ವಾರ ಆಯಿತು.

ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಹೆಸರಿನಿಂದ ಅವರನ್ನು ಕರೆದವರೂ ಕಡಿಮೆ. ಗೋಪನಕೊಪ್ಪದ ಕಡೆಯ ಓಣಿಗಳಿಗೆ ನೀರು ಬಿಡುವ ಕೆಲಸ ಅವರದಾಗಿತ್ತು. ಹಾಗಾಗಿ ಸಣ್ಣವರಿಗೂ ದೊಡ್ಡವರಿಗೂ ಅವರು ನಳದ ಕಾಕಾ. ಉದ್ದ ಮೈ, ಬಗ್ಗಿದ ಬೆನ್ನು, ಮೊಣಕಾಲ ತನಕ ಮಡಚಿದ ಖಾಕಿ ಪ್ಯಾಂಟು. ಹಳೆಯ ಸೈಕಲ್ಲಿನ ಮೇಲೆ ಎಡಗೈಯಲ್ಲಿ ಹ್ಯಾಂಡಲ್, ಬಲ ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಚಾವಿ. ರಸ್ತೆಯ ಗುಂಡಿಯೊಳಗೆ ಇಳಿಬಿಟ್ಟು ವಾಲ್ವ್ ತಿರುಗಿಸುವ ಚಾವಿ ಅದು. ತುದಿಯಲ್ಲಿ ಅಡ್ಡಪಟ್ಟಿ ಬೇರೆ ಇರುತ್ತದಲ್ಲ, ದೂರದಿಂದ ನೋಡಿದರೆ ಥೇಟ್ ಶಿಲುಬೆಯೇ.

ಹಿಂದೆ ಇದ್ದ ಸಭಾಪಾಲಕರೊಬ್ಬರು ಅದನ್ನು ಕಂಡು ಪುಳಕಗೊಂಡು ಒಂದು ಭಾನುವಾರ ಪ್ರಸಂಗದ ನಡುವೆ, ‘ನೋಡಿರಿ, ನಮ್ಮ ಸಹೋದರರು ದಿನಾಲೂ ಹೆಗಲ ಮೇಲೆ ಶಿಲುಬೆ ಹೊತ್ತು ಬೀದಿಯಲ್ಲಿ ಸಾಗುತ್ತಾರೆ’ ಎಂದುಬಿಟ್ಟರು. ಎಲ್ಲರೂ ತಿರುಗಿ ಕಾಕಾನ ಕಡೆ ನೋಡಿದರು. ಕಾಕಾ ಕೂತಲ್ಲೇ ಕೈ ಮುಗಿದು, ‘ಅಯ್ಯ, ಅದು ಸರಕಾರದ ಚಾವಿರೀ ಅಯ್ನಾರ. ಶಿಲುಬಿ ಆಗಿದ್ರ ನನಗ ಪಗಾರ ಯಾರ್ ಕೊಡ್ತಿದ್ರು?’ ಎಂದರು. ಆ ದಿನದ ಪ್ರಸಂಗ ಅಲ್ಲಿಗೇ ಮುಗಿಯಿತು. ಹೆಂಗಸರ ಕಡೆಯ ಬೆಂಚುಗಳು ಕಾಣಿಕೆ ಗೀತೆಯ ತನಕ ನಗುತ್ತಿದ್ದವು.

ಅವರಿಗೆ ಶಿಲುಬೆ ಎಂಬ ಶಬ್ದದ ಮೇಲೆ ಒಂದು ಬಗೆಯ ಕಾವಲು ಇತ್ತು. ನಮ್ಮ ಜನ ಆ ಶಬ್ದವನ್ನು ಚಟ್ನಿ ಹಾಗೆ ಎಲ್ಲದಕ್ಕೂ ಹಚ್ಚುತ್ತಾರೆ. ಗಂಡನ ಕುಡಿತ ಒಬ್ಬಳ ಶಿಲುಬೆ, ಸೊಸೆಯ ಬಾಯಿ ಇನ್ನೊಬ್ಬಳ ಶಿಲುಬೆ. ಸಭೆಯ ಹಿರಿಯಳೊಬ್ಬಳು ಮೊಣಕಾಲು ಹಿಡಿದುಕೊಂಡು, ‘ಏನ್ ಮಾಡೂದ್ರಿ ಕಾಕಾ, ಇದು ನನ್ನ ಶಿಲುಬಿ’ ಎಂದಾಗ ಕಾಕಾ, ‘ಮಣಕಾಲ ಬ್ಯಾನಿ ಶಿಲುಬಿ ಅಲ್ಲವಾ. ಅದು ಮಣಕಾಲ ಬ್ಯಾನಿ. ಎಣ್ಣಿ ಹಚ್ಚು’ ಎಂದಿದ್ದರು. ನನಗೂ ತಪ್ಪಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಈ ಸಭೆಯ ಕಾರ್ಯದರ್ಶಿ. ಒಂದು ಮೀಟಿಂಗಿನಲ್ಲಿ ಜಗಳ ಮಾಡಿಕೊಂಡು ಹೊರಗೆ ಬಂದವನು, ‘ಈ ಕಾರ್ಯದರ್ಶಿತನವೇ ನನ್ನ ಶಿಲುಬೆ’ ಎಂದು ಗೊಣಗಿದೆ. ಬಾಗಿಲಲ್ಲಿ ನಿಂತಿದ್ದ ಕಾಕಾ ಮೆಲ್ಲಗೆ ಹೇಳಿದರು: ‘ಹಂಗಾದ್ರ ಇಳಿಸಿ ಇಡ್ರಿ ಮಾಸ್ತರ. ನಿಮಗ ಯಾರೂ ಮೊಳಿ ಹೊಡದಿಲ್ಲಲ್ಲ.’

ಸಿಟ್ಟು ಬಂತು. ಖರೇ ಹೇಳಬೇಕೆಂದರೆ ಈಗಲೂ ಸ್ವಲ್ಪ ಬರುತ್ತದೆ.

ಆದರೆ ನೀರಿನ ವಿಷಯದಲ್ಲಿ ಅವರನ್ನು ಬೈಯುವವರು ನಮ್ಮ ಕಡೆ ಇರಲಿಲ್ಲ. ನಮ್ಮ ಊರಲ್ಲಿ ನೀರು ಯಾವಾಗ ಬರುತ್ತದೆಂದು ಕೇಳುವುದು ನೆಂಟರ ಕ್ಷೇಮ ಕೇಳಿದ ಹಾಗೆ. ಎಂಟು ದಿನಕ್ಕೊಮ್ಮೆ ಬಂದರೆ ಪುಣ್ಯ. ನೀರು ಬಿಡುವವನ ಮೇಲೆ ಹೆಂಗಸರ ಶಾಪ ಬೀಳುವುದು ಸಹಜ. ಕಾಕಾ ಮಾತ್ರ ವಾಲ್ವ್ ಬಂದ್ ಮಾಡುವ ಮುಂಚೆ ಓಣಿಯ ಬಾಯಲ್ಲಿ ನಿಂತು, ‘ಬಂದ್ ಮಾಡಾಕತ್ತೇನ್ರೀ! ಕಡೀ ಕೊಡಾ ಇಡ್ರಿ!’ ಎಂದು ಕೂಗುತ್ತಿದ್ದರು. ಕೂಗಿ ತಕ್ಷಣ ತಿರುಗಿಸುತ್ತಿರಲಿಲ್ಲ. ಯಾವುದಾದರೂ ಮನೆಯಿಂದ ‘ಕಾಕಾ, ಒಂದ ನಿಮಿಷ!’ ಎಂಬ ಕೂಗು ಬಂದೇ ಬರುತ್ತಿತ್ತು. ಆ ಕೊಡ ತುಂಬುವ ತನಕ ಚಾವಿಯ ಮೇಲೆ ಗದ್ದ ಇಟ್ಟು ನಿಲ್ಲುತ್ತಿದ್ದರು.

ಶುಭ ಶುಕ್ರವಾರದ ದಿನ ಅವರದು ಎರಡು ಕೆಲಸ. ಒಂದು, ಚರ್ಚಿನ ಬಾಗಿಲ ಹೊರಗೆ ಬೇವಿನ ಮರದ ಕೆಳಗೆ ಹಿಂದಿನ ದಿನವೇ ಎರಡು ದೊಡ್ಡ ಮಣ್ಣಿನ ಹರಿವಿಗಳಲ್ಲಿ ನೀರು ತುಂಬಿಡುವುದು. ಉಪವಾಸದ ದಿನ, ಏಪ್ರಿಲ್ ಬಿಸಿಲು, ಹಳಬರು ಮೂರು ಗಂಟೆಯ ತನಕ ನೀರನ್ನೂ ಮುಟ್ಟುವುದಿಲ್ಲ. ಮೂರರ ಗಂಟೆ ಬಾರಿಸಿದ ಮೇಲೆ ಹೊರಗೆ ಬಂದ ಒಬ್ಬೊಬ್ಬರಿಗೂ ಕಾಕಾ ತಮ್ಮ ಕೈಯಿಂದ ಒಂದು ಲೋಟ ನೀರು ಕೊಡುತ್ತಿದ್ದರು. ನಾವು ಅದನ್ನು ಮೂರು ಗಂಟೆಯ ನೀರು ಎಂದೇ ಕರೆಯುತ್ತಿದ್ದೆವು. ಇನ್ನೊಂದು, ಐದನೆಯ ಮಾತು.

ಪ್ರತಿ ವರ್ಷ ಅದೇ ಮಾತು, ಐದೇ ನಿಮಿಷ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಲ್ಲಿ ಮಡಿಕೆ ಹರಿದ ಒಂದು ಕಾಗದ. ಅದನ್ನು ತೆಗೆಯುತ್ತಿದ್ದರು, ಬಿಡಿಸುತ್ತಿರಲಿಲ್ಲ. ಪ್ರಸಂಗಪೀಠ ಹತ್ತುತ್ತಿರಲಿಲ್ಲ, ಕೆಳಗೇ ನಿಂತು ಶುರು ಮಾಡುತ್ತಿದ್ದರು: ‘ನನಗ ನೀರಡಿಕಿ ಆಗೇತಿ ಅಂದ.’ ನಾನು ಮುಂದಿನ ಬೆಂಚಿನಲ್ಲಿ ಮುಖ ಕಿವಿಚುತ್ತಿದ್ದೆ. ಇಂಥ ಜಾಗದಲ್ಲಿ ಗ್ರಂಥದ ಭಾಷೆ ಬೇಡವೇ? ಯೇಸುಸ್ವಾಮಿಯೇನು ದುರ್ಗದಬೈಲಿನಲ್ಲಿ ಕಾಯಿಪಲ್ಯೆ ಕೊಳ್ಳಲು ಬಂದವನೇ?

ಆಮೇಲೆ ಅವರ ಹರೆಯದ ಕಥೆ ಬರುತ್ತಿತ್ತು. ಅದನ್ನು ಅವರ ಬಾಯಲ್ಲೇ ಕೇಳಬೇಕು, ನನಗೆ ಬಾಯಿಪಾಠ ಆಗಿದೆ.

‘ದುರ್ಗದಬೈಲ್ ಹಿಂದಿನ ಓಣ್ಯಾಗ ಪೈಪ್ ಹಾಕಾಕ ತೆಗ್ಗ ತೋಡತಿದ್ವಿ. ಬಿಸಲಂದ್ರ ಬಿಸಲು. ಎದುರಿಗಿನ ಮನೀ ಅವ್ವಗ ನೀರ ಕೇಳಿದೆ. ಆಕಿ ನನ್ನ ಕುಲಾ ಕೇಳಿದಳು. ಹೇಳಿದೆ. ಒಳಗ ಹೋಗಿ ತಂಬಿಗಿ ತಂದು, ಬೊಗಸಿ ಹಿಡಿ ಅಂದು, ಮ್ಯಾಲಿಂದ ಹನಿಸಿದಳು. ಅರ್ಧ ನೀರ ಮಣ್ಣಾಗ ಹೋತು. ಮರುದಿನ ಮತ್ತ ಅದ ಮನೀಗೆ ಹೋದೆ. ಜೋಡಿಯವರು ಬೈದ್ರು. ಮಾನ ಇಲ್ಲೇನ ನಿನಗ, ಮುಂದಿನ ಮನ್ಯಾಗ ಲೋಟಾದಾಗ ಕೊಡ್ತಾರ, ಅಲ್ಲಿ ಕುಡಿಯೋ ಅಂದ್ರು. ನಾ ಹೋಗಲಿಲ್ಲರಿ. ಮುಂದಿನ ಮನೀಯವ್ರು ಹೆಂಗೂ ಕೊಡ್ತಾರ. ಈ ಅವ್ವಗೂ ಕೊಡಾಕ ಒಂದ ಅವಕಾಶ ಬೇಕಲ್ಲ? ಹದಿನಾಕ ದಿನಾ ಕೇಳಿದೆ. ಹದಿನೈದನೇ ದಿನಾ ಕೆಲಸ ಮುಗೀತು. ಅವತ್ತ ಆಕಿ ತಂಬಿಗಿ ನನ್ನ ಕೈಯಾಗ ಕೊಟ್ಟಳು. ಮಾತಿಲ್ಲ, ಕತಿಯಿಲ್ಲ. ಕುಡದೆ, ತಿರುಗಿ ಕೊಟ್ಟೆ, ಬಂದೆ.’

ಅಷ್ಟು ಹೇಳಿ ಶಿಲುಬೆಯ ಕಡೆ ನೋಡುತ್ತಿದ್ದರು. ನಮ್ಮ ಚರ್ಚಿನದು ಬರಿಯ ಸಾಗವಾನಿ ಶಿಲುಬೆ, ಮೇಲೆ ಮೂರ್ತಿ ಇಲ್ಲ. ‘ಕೊಡೂದು ಪುಣ್ಯೇದ ಕೆಲಸ. ಕೇಳೂದು ಶಿಲುಬಿ. ಅಂವಾ ಯಾರನ್ನ ಕೇಳಿದ? ಹಡೆದವ್ವ ಅಲ್ಲೇ ನಿಂತಿದ್ದಳು, ಶಿಷ್ಯಾ ಇದ್ದ. ಅಂವಾ ಮೊಳಿ ಹೊಡದವರನ್ನ ಕೇಳಿದ. ಅವರಾಗ ಒಬ್ಬ ಸಿಪಾಯಿ ಓಡಿ ಹೋಗಿ ಸ್ಪಂಜ ತೋಯಿಸಿ ಕೋಲಿಗೆ ಸಿಗಿಸಿ ತುಟಿಗೆ ಹಿಡದ. ಆ ಸಿಪಾಯಿ ಹೆಸರು ಯಾರೂ ಬರದಿಟ್ಟಿಲ್ಲ. ಆದ್ರ ಕಡೀ ಹೊತ್ತಿನ್ಯಾಗ ತುಟಿ ತೋಯಿಸಿದಂವ ಅಂವಾ. ಇಷ್ಟ ನಂದು.’ ಕಾಗದ ಮತ್ತೆ ಜೇಬಿಗೆ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದರು.

ಹೋದ ವರ್ಷ ನಮ್ಮ ಆರಾಧನೆಯನ್ನು ಮೊಬೈಲಿನಲ್ಲಿ ಲೈವ್ ತೋರಿಸಬೇಕೆಂದು ಠರಾವಾಯಿತು. ಪುಣೆಯಲ್ಲಿರುವವರು, ಗೋವಾದಲ್ಲಿರುವವರು ನೋಡುತ್ತಾರೆ. ನನ್ನ ತಲೆಯಲ್ಲಿ ಒಂದೇ ಹುಳ: ‘ನನಗ ನೀರಡಿಕಿ ಆಗೇತಿ’ ಎಂಬುದು ಅಷ್ಟೂ ಊರುಗಳಿಗೆ ಕೇಳಬೇಕೇ? ಧಾರವಾಡದಿಂದ ಒಬ್ಬ ಪ್ರಾಧ್ಯಾಪಕರನ್ನು ಗೊತ್ತು ಮಾಡಿದೆ. ಅವರ ಕನ್ನಡ ಕೇಳಿದರೆ ಪೇಡೆ ತಿಂದ ಹಾಗೆ. ಕಮಿಟಿಯಲ್ಲಿ ಒಬ್ಬಿಬ್ಬರು, ‘ಕಾಕಾಗ ಒಂದ ಮಾತ ಹೇಳ್ರಿ ಮಾಸ್ತರ’ ಎಂದರು. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ಶುಕ್ರವಾರ ಬಂದೇ ಬಂತು.

ಅವರಿಗೆ ಗೊತ್ತಾದದ್ದು ಚರ್ಚಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯಿಂದ. ಅವರು ಅದನ್ನು ಓದುವಾಗ ನಾನು ಒಳಗಿನಿಂದ ನೋಡುತ್ತಿದ್ದೆ. ಬೆರಳಿಟ್ಟು ಒಂದನೆಯ ಸಾಲಿನಿಂದ ಇಳಿಯುತ್ತ ಬಂದರು. ಐದರ ಮೇಲೆ ಬೆರಳು ನಿಂತಿತು. ಬಿಳಿ ಅಂಗಿ ಹಾಕಿದ್ದರು, ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು, ಜೇಬಿನಲ್ಲಿ ಕಾಗದದ ತುದಿ. ಆಮೇಲೆ ಜೇಬಿನ ಕಾಗದವನ್ನು ಬೆರಳಿನಿಂದ ಒಳಗೆ ತಳ್ಳಿ, ಬೇವಿನ ಮರದ ಕಡೆ ಹೋಗಿ, ಹರಿವಿಯ ಮುಚ್ಚಳ ಸರಿಮಾಡಿದರು.

ಪ್ರಾಧ್ಯಾಪಕರು ಇಪ್ಪತ್ತೈದು ನಿಮಿಷ ಮಾತಾಡಿದರು. ದಾಹ ಶಬ್ದದ ಧಾತು ಯಾವುದು, ತೃಷೆಗೂ ಪಿಪಾಸೆಗೂ ಏನು ಭೇದ, ಎಲ್ಲ ಬಂತು. ನಡುವೆ ಗಂಟಲು ಒಣಗಿ, ಪೀಠದ ಮೇಲಿದ್ದ ನೀರಿನ ಬಾಟಲಿ ತೆಗೆದು ಗಟಗಟ ಕುಡಿದರು. ನೀರಡಿಕೆಯ ಮಾತಿನ ನಡುವೆ, ಉಪವಾಸ ಕೂತ ಸಭೆಯ ಮುಂದೆ! ಅದೂ ಲೈವ್ ಹೋಯಿತು. ಪುಣೆಯ ನನ್ನ ತಂಗಿ ಫೋನ್ ಮಾಡಿ, ‘ನಮ್ಮ ನಳದ ಕಾಕಾ ಎಲ್ಲಿ? ನಾ ಅವರ ಮಾತಿಗಂತನ ಹಚ್ಚಿ ಕುಂತಿದ್ದೆ’ ಎಂದಳು. ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಫೋನಿಟ್ಟೆ.

ಮೂರು ಗಂಟೆಗೆ ಹೊರಗೆ ಬಂದರೆ ಕಾಕಾ ಎಂದಿನಂತೆ ಲೋಟ ಹಿಡಿದು ನಿಂತಿದ್ದರು. ನನ್ನ ಕೈಗೂ ಕೊಟ್ಟರು. ‘ಛಲೋ ಹೇಳಿದ್ರು ಸರ್ ಅವರು. ಭಾಳ ಓದ್ಯಾರ’ ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ. ಅವತ್ತೇ ಅಲ್ಲೇ ‘ತಪ್ಪಾತ್ರಿ ಕಾಕಾ’ ಎನ್ನಬಹುದಿತ್ತು. ಲೋಟ ಖಾಲಿ ಮಾಡಿ ಕೊಟ್ಟು, ಬಿಸಿಲಿನ ಬಗ್ಗೆ ಏನೋ ಅಂದು ಸ್ಕೂಟರ್ ಹತ್ತಿದೆ. ಆಮೇಲೆ ಅವರನ್ನು ಕಂಡರೆ ಬೇರೆ ಬಾಗಿಲಿನಿಂದ ಹೋಗುವುದು ರೂಢಿಯಾಯಿತು.

ಮಳೆಗಾಲದಲ್ಲಿ ಕಾಕಾನ ಕಿಡ್ನಿ ಕೈಕೊಟ್ಟ ಸುದ್ದಿ ಬಂತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ರೋಗದಲ್ಲಿ ಕುಡಿದ ನೀರು ಮೈಯಿಂದ ಹೊರಗೆ ಹೋಗುವುದಿಲ್ಲವಂತೆ, ಅದಕ್ಕೇ ದಿನಕ್ಕೆ ಇಷ್ಟೇ ನೀರೆಂದು ಡಾಕ್ಟರು ಕಟ್ಟು ಹಾಕಿದ್ದರು. ಅವರ ಹೆಂಡತಿ ಒಂದು ಪುಟ್ಟ ಸ್ಟೀಲ್ ಲೋಟ ಇಟ್ಟುಕೊಂಡು ಮುಂಜಾನೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಎಂದು ಅಳೆದು ಕೊಡುತ್ತಿದ್ದರು. ಅಷ್ಟು ಓಣಿಗಳಿಗೆ ನೀರು ಬಿಟ್ಟವನಿಗೆ ಲೋಟದ ಲೆಕ್ಕ! ದೇವರಿಗೂ ಕೆಲವೊಮ್ಮೆ ಏನು ಮಾಡುತ್ತಿದ್ದೇನೆಂದು ತಿಳಿಯುವುದಿಲ್ಲ ಎಂದುಕೊಂಡೆ. ಅಂದುಕೊಂಡದ್ದೇ ಬಂತು. ನೋಡಲು ಹೋದದ್ದು ಎಂಟು ತಿಂಗಳ ಮೇಲೆ.

ಹೋದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದ ಮೇಲೆ. ಅವರ ಹೆಂಡತಿ, ‘ಕುಂದರ್ರಿ ಮಾಸ್ತರ, ಔಷಧ ತಂದ ಬಿಡ್ತೇನಿ, ಇವರ ಸಂಗತೀಲೆ ಮಾತಾಡ್ರಿ’ ಎಂದು ಹೊರಗೆ ಹೋದರು. ಮನೆಯಲ್ಲಿ ನಾವಿಬ್ಬರೇ. ಕಾಕಾ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಈ ಸಲ ಐದನೆಯ ಮಾತು ನಿಮ್ಮದೇ ಎಂದು ಹೇಳಲು ಹೋಗಿದ್ದೆ. ತಪ್ಪಾಯಿತು ಎನ್ನಲೂ ಹೋಗಿದ್ದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ, ವ್ಯಾಕರಣ ಶುದ್ಧ ವಾಕ್ಯಗಳು. ಬಾಯಿಗೆ ಬಂದದ್ದು, ‘ಬಿಸಿಲು ಜೋರಿದೆ’ ಎಂಬುದು.

‘ಹೌದ್ರಿ’ ಎಂದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ, ‘ಮಾಸ್ತರ’ ಎಂದರು. ‘ನನಗ ನೀರಡಿಕಿ ಆಗೇತಿ.’

ಮೂಲೆಯಲ್ಲಿ ನೀರಿನ ಕೊಡ ಇತ್ತು. ಅದರ ಮೇಲೆ ಆ ಪುಟ್ಟ ಲೋಟ ಬೋರಲು ಹಾಕಿತ್ತು. ನಾನು ಕೊಡದ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ. ‘ಡಾಕ್ಟರು ಬೇಡ ಅಂದಿದ್ದಾರಲ್ಲ ಕಾಕಾ. ಮಧ್ಯಾಹ್ನದ್ದು ಆಗಿರಬೇಕು. ಇನ್ನೇನು ಬರ್ತಾರೆ, ಅವರನ್ನೇ ಕೇಳೋಣ’ ಎಂದೆ.

‘ಹೌದ್ರಿ, ಹೌದ್ರಿ’ ಎಂದರು ಕಾಕಾ. ನನಗೆ ಸಮಾಧಾನ ಹೇಳುವ ದನಿ ಅದು. ಮತ್ತೆ ಕೇಳಲಿಲ್ಲ. ಹೆಂಡತಿ ಬಂದ ಮೇಲೆಯೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇನ್ನೊಮ್ಮೆ ಬರುತ್ತೇನೆಂದು ಎದ್ದೆ. ಮೂರನೆಯ ದಿನ ಮುಂಜಾನೆ ಚರ್ಚಿನ ಗಂಟೆ ಸಾವಿನ ಲೆಕ್ಕದಲ್ಲಿ ಬಾರಿಸಿತು.

ಮಣ್ಣಿಗೆ ಹೋದ ದಿನ ಗೋಪನಕೊಪ್ಪದ ಹೆಂಗಸರು ಗುಂಪುಗುಂಪಾಗಿ ಬಂದರು. ಹಣೆಯ ಮೇಲೆ ವಿಭೂತಿ ಇದ್ದವರು, ತಲೆಯ ಮೇಲೆ ಸೆರಗು ಹೊದ್ದವರು, ಎಲ್ಲರೂ. ಒಬ್ಬಾಕೆ ಪೆಟ್ಟಿಗೆಯ ಹತ್ತಿರ ನಿಂತು, ‘ಕಡೀ ಕೊಡಾ ತುಂಬೂ ತನಕ ನಿಂದರತಿದ್ಯೋ ಯಪ್ಪಾ, ಇವತ್ತ್ಯಾಕ ನಿಂದರಲಿಲ್ಲೋ’ ಎಂದು ಬೋರಾಡಿ ಅತ್ತಳು. ಸಭಾಪಾಲಕರ ಪ್ರಾರ್ಥನೆ ನನಗೆ ಒಂದಕ್ಷರ ನೆನಪಿಲ್ಲ.

ನಿನ್ನೆ ಅವರ ಮನೆಗೆ ಹೋದೆ. ಪಟ್ಟಿಯ ನೆಪ ಇತ್ತು: ಜೇಬಿನ ಆ ಕಾಗದ ಸಿಕ್ಕರೆ ಯಾರಿಂದಲಾದರೂ ಓದಿಸೋಣವೆಂದು ಕೇಳಬೇಕು. ಅವರ ಹೆಂಡತಿ ಟ್ರಂಕು ತೆಗೆದು ಬಿಳಿ ಅಂಗಿಯಿಂದಲೇ ಕಾಗದ ತೆಗೆದುಕೊಟ್ಟರು. ಬಿಡಿಸಿ ನೋಡಿದೆ. ಪ್ರಸಂಗ ಅಲ್ಲ. ಒಂದರ ಕೆಳಗೊಂದು ಓಣಿಗಳ ಹೆಸರು, ನೀರು ಬಿಡುವ ಸರದಿಯ ಹಳೆಯ ಚೀಟಿ. ಹಿಂಬದಿ ಖಾಲಿ.

‘ಅವರಿಗೆ ಬರಿಗೈಲೆ ನಿಂತ ಮಾತಾಡಾಕ ನಾಚಿಕಿರಿ’ ಎಂದರು ಆಕೆ. ‘ಓದಿದವರ ಮುಂದ ಕೈಯಾಗ ಒಂದ ಕಾಗದ ಇರಲಿ ಅಂತಿದ್ರು.’

ಆಗ ನನ್ನಿಂದ ತಡೆಯಲಾಗಲಿಲ್ಲ. ಆ ಮಧ್ಯಾಹ್ನ ನಡೆದದ್ದನ್ನು ಹೇಳಿಬಿಟ್ಟೆ. ಅವರು ನನ್ನನ್ನು ನೀರು ಕೇಳಿದರು, ನಾನು ಕೊಡಲಿಲ್ಲ, ಡಾಕ್ಟರ ಹೆಸರು ಹೇಳಿದೆ ಎಂದೆ. ಆಕೆ ಬೈಯಬಹುದೆಂದು ಕಾದೆ. ಆಕೆ ಬೆರಗಿನಿಂದ ನನ್ನನ್ನು ನೋಡುತ್ತ ಕೂತರು.

‘ನಿಮಗ ಕೇಳಿದ್ರಾ?’ ಎಂದರು. ‘ಖರೇನ? ಎಂಟ ತಿಂಗಳದಾಗ ನನಗ ಒಮ್ಮಿನೂ ಕೇಳಿಲ್ಲರಿ. ಮಕ್ಕಳಿಗೂ ಕೇಳಿಲ್ಲ. ಕೊಟ್ಟಷ್ಟ ಕುಡದು ಸುಮ್ಮನ ಆಗತಿದ್ರು.’

ನಾನು ತಲೆ ತಗ್ಗಿಸಿದೆ. ಮುಂದಿನ ಮನೆಯವರು ಹೇಗೂ ಕೊಡುತ್ತಾರೆ. ಈ ಮಾಸ್ತರನಿಗೂ ಕೊಡಲು ಒಂದು ಅವಕಾಶ ಬೇಕಲ್ಲ. ಇಪ್ಪತ್ತು ವರ್ಷ ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದೆ, ನನ್ನ ಬಾಗಿಲಿಗೇ ಬಂದಾಗ ಗುರುತು ಸಿಗಲಿಲ್ಲ.

‘ಡಾಕ್ಟರ್ ಕುಡಿಯೂದಕ್ಕ ಬ್ಯಾಡ ಅಂದಿದ್ರು, ಅದು ಖರೆ’ ಎಂದರು ಆಕೆ, ತಮಗೆ ತಾವೇ ಹೇಳಿಕೊಂಡಂತೆ. ‘ಅರಿವಿ ತೋಯಿಸಿ ತುಟಿಗೆ ಹಚ್ಚಿದ್ರ ನಡೀತಿತ್ತರಿ. ಅಷ್ಟಕ್ಕ ಏನೂ ಆಗತಿದ್ದಿಲ್ಲ. ನಾ ದಿನಾ ಹಚ್ಚತಿದ್ದೆ.’

ಸಿಪಾಯಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ಜೇಬಿನಲ್ಲಿ ಕರವಸ್ತ್ರ ಇತ್ತು. ಕೊಡ ನಾಲ್ಕು ಹೆಜ್ಜೆ ದೂರ ಇತ್ತು. ಆ ಮನೆಯಲ್ಲಿ, ಆ ಹೆಣ್ಣುಮಗಳ ಮುಂದೆ, ಅರವತ್ತೆಂಟರ ವಯಸ್ಸಿನಲ್ಲಿ ನಾನು ಬಿಕ್ಕಿಬಿಕ್ಕಿ ಅತ್ತೆ.

ಆಕೆ ಅಳಬೇಡವೆನ್ನಲಿಲ್ಲ. ‘ಚಾ ಮಾಡ್ಲೇನ್ರಿ ಮಾಸ್ತರ?’ ಎಂದು ಎದ್ದರು.

‘ಚಾ ಬ್ಯಾಡ್ರಿ’ ಎಂದೆ. ‘ನನಗ ನೀರಡಿಕಿ ಆಗೇತಿ.’

ಕೊಡದ ಮೇಲಿದ್ದದ್ದು ಅದೇ ಪುಟ್ಟ ಲೋಟ. ತುಂಬಿಸಿ ಕೈಗೆ ಕೊಟ್ಟರು. ಎರಡು ಗುಟುಕಿಗೇ ಮುಗಿಯಿತು. ಇಷ್ಟರಲ್ಲಿ ಆ ಮನುಷ್ಯ ಹೇಗೆ ದಿನ ಕಳೆದನೋ. ಇನ್ನೊಂದು ಕೇಳಿದೆ, ಕೊಟ್ಟರು.

ಇವತ್ತು ಮುಂಜಾನೆ ಐದನೆಯ ಸಾಲಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಸರದಿಯ ಚೀಟಿಯನ್ನು ಆಕೆ ನನಗೇ ಕೊಟ್ಟರು. ಶುಕ್ರವಾರ ಅದು ನನ್ನ ಜೇಬಿನಲ್ಲಿ ಇರುತ್ತದೆ. ಹರಿವಿ ತುಂಬುವ ಕೆಲಸವನ್ನೂ ಕೇಳಿ ಇಸಿದುಕೊಂಡಿದ್ದೇನೆ. ಪೀಠ ಹತ್ತುವುದಿಲ್ಲ, ಕೆಳಗೇ ನಿಂತು ಹೇಳುತ್ತೇನೆ. ಪುಣೆಗೂ ಕೇಳಲಿ, ಗೋವಾಕ್ಕೂ ಕೇಳಲಿ. ಐದು ನಿಮಿಷವೂ ಬೇಕಾಗಲಿಕ್ಕಿಲ್ಲ, ಹೇಳಬೇಕಾದದ್ದು ಎರಡೇ ಮಾತು. ಮುಂಜಾನೆಯಿಂದ ಬಾಯಲ್ಲಿ ಆಡಿಸಿ ನೋಡುತ್ತಿದ್ದೇನೆ.

‘ಕಾಕಾ ನನಗ ನೀರ ಕೇಳಿದ್ರು. ನಾ ಕೊಡಲಿಲ್ಲ.’